ಬ್ಯಾಕ್ಟೀರಿಯಾ ರಿಪೋರ್ಟ್ ನೋಡಿ ಹೆದರಿದ್ದೇನೆ, ಈ ಸಲವೂ ದಿನ ತುಂಬುವ ಮೊದಲೇ ಹೆರಿಗೆ ಆಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೀಗ 18 ವಾರ. ಮೊದಲ ಮಗು 33 ವಾರಕ್ಕೇ ಹುಟ್ಟಿ ಇಪ್ಪತ್ತು ದಿನ ಎನ್‌ಐಸಿಯುನಲ್ಲಿತ್ತು. ಈ ಸಲ ಹಾಗಾಗಬಾರದು ಅಂತ ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಯೋನಿಯ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿದೆ. ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ, ಹೆಚ್ಚಾದರೆ ತೊಂದರೆ ಕೊಡುವ ಗಾರ್ಡ್ನೆರೆಲ್ಲಾ ಜಾಸ್ತಿ ಅಂತ ಬಂದಿದೆ. ತುರಿಕೆ, ವಾಸನೆ ಏನೂ ಇಲ್ಲ. ಅತ್ತೆ ಮೊಸರು ಜಾಸ್ತಿ ತಿನ್ನು ಅಂತಾರೆ, ಗೆಳತಿ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಕ್ಯಾಪ್ಸೂಲ್ ತಗೋ ಅಂತಾಳೆ.

ಉತ್ತರ: ನಿಮ್ಮ ರಿಪೋರ್ಟ್‌ಗಿಂತ ಆ 33 ವಾರ ಅನ್ನೋದೇ ನನ್ನ ಕಣ್ಣಿಗೆ ಬಿತ್ತು. ಆಗ ನೋವು ತಾನಾಗಿ ಬಂತಾ, ನೀರು ಒಡೆಯಿತಾ, ಇಲ್ಲ ಬಿಪಿ ಏರಿತು ಅಂತ ಡಾಕ್ಟರೇ ಹೆರಿಗೆ ಮಾಡಿಸಿದರಾ? ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ ನೋಡಿ.

ಇನ್ನು ರಿಪೋರ್ಟ್. ಬಸುರಿಯಲ್ಲಿ ಈಸ್ಟ್ರೋಜನ್ ಹಾರ್ಮೋನ್ ಏರಿ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಅದೇ ಊಟ. ಹೆಪ್ಪು ಬಿದ್ದ ಹಾಲಿನ ಹಾಗೆ ಅಲ್ಲೂ ಹುಳಿ ಆಗುತ್ತದೆ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗೇ ಇರುತ್ತದೆ. ಆ ಹುಳಿ ಕಡಿಮೆಯಾದರೆ ಗಾರ್ಡ್ನೆರೆಲ್ಲಾ ಅಂಥವು ಹೆಚ್ಚಿಕೊಳ್ಳುತ್ತವೆ. ಸೋಂಕು ಮೇಲೇರಿದರೆ ಉರಿಯೂತದಿಂದ ಗರ್ಭಕೋಶದ ಬಾಯಿ ಬೇಗ ಮೆತ್ತಗಾಗಬಹುದು, ನೀರಿನ ಚೀಲ ಒಡೆಯಬಹುದು. 2019ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲೂ ದಿನ ತುಂಬದೆ ಹೆತ್ತವರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಅನ್ನೋ ಜಾತಿ ಕಡಿಮೆ ಇತ್ತು.

ಹಾಗಂತ ರಿಪೋರ್ಟ್ ನೋಡಿ ಮಾತ್ರೆ ನುಂಗಬೇಡಿ. 2011ರಲ್ಲಿ 396 ಆರೋಗ್ಯವಂತ ಹೆಂಗಸರನ್ನು ನೋಡಿದಾಗ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿರಲೇ ಇಲ್ಲ! ಫ್ರಾನ್ಸಿನಲ್ಲಿ ಹೆಚ್ಚು ಅಪಾಯ ಇಲ್ಲದ, ಆದರೆ ಈ ಬ್ಯಾಕ್ಟೀರಿಯಾ ಏರುಪೇರಾಗಿದ್ದ ಬಸುರಿಯರಿಗೆ ಕ್ಲಿಂಡಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದರು. ಬೇಗ ಹೆರಿಗೆ ಆಗುವುದು ಕಡಿಮೆಯಾಗಲಿಲ್ಲ. ನನ್ನನ್ನು ಕೇಳಿದ್ದರೆ ಆ ಕಿಟ್‌ನ ದುಡ್ಡು ಉಳಿಸಿ ಅಂತಿದ್ದೆ.

ಮೊಸರು ಊಟಕ್ಕೆ ಒಳ್ಳೆಯದು, ತಿನ್ನಿ. ಆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೇರೆ ಜಾತಿ, ಕ್ರಿಸ್ಪೇಟಸ್ ಅಲ್ಲ. ಒಳಗೆ ಹಚ್ಚುವುದಂತೂ ಬೇಡವೇ ಬೇಡ. ಕ್ಯಾಪ್ಸೂಲ್‌ನಿಂದ ಹೆರಿಗೆ ಮುಂದೆ ಹೋಗುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ.

ಇನ್ನೊಬ್ಬರು: ಮೇಡಂ, ನನಗೆ 24 ವಾರ. ಬಿಳಿ ಹೋಗುತ್ತಿದೆ, ಮೀನಿನ ವಾಸನೆ ಥರ. ಇಂಟಿಮೇಟ್ ವಾಶ್ ಹಾಕಿ ಒಳಗೆಲ್ಲಾ ತೊಳೆಯುತ್ತಿದ್ದೇನೆ. ಸರಿ ಅಲ್ವಾ?

ಉತ್ತರ: ಇವತ್ತೇ ನಿಲ್ಲಿಸಿ. ಒಳಗೆ ತೊಳೆದರೆ ಇರುವ ಲ್ಯಾಕ್ಟೋಬ್ಯಾಸಿಲಸ್ಸೂ ಹೋಗುತ್ತದೆ. ಹೊರಗೆ ಬರೀ ನೀರು ಸಾಕು. ನಿಮಗೆ ಲಕ್ಷಣ ಇರುವುದರಿಂದ ನಿಮ್ಮದು ಬೇರೆ ಮಾತು, ಪರೀಕ್ಷೆ ಮಾಡಿಸಿ ಚಿಕಿತ್ಸೆ ಪಡೆಯಲೇಬೇಕು. ಬಸುರಿಯರಿಗೂ ಮೆಟ್ರೊನಿಡಜೋಲ್ ಅನ್ನೋ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಡಾಕ್ಟರ್ ಬರೆದುಕೊಟ್ಟಷ್ಟು ದಿನ ತಗೊಳ್ಳಿ, ವಾಸನೆ ಹೋಯಿತು ಅಂತ ನಡುವೆ ಬಿಡಬೇಡಿ. ನೀರಿನಂತೆ ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಮೊದಲು ಕೇಳಿದವರು: ಫೈಲ್ ಸಿಕ್ಕಿತು ಮೇಡಂ. ನೋವು ತಾನಾಗೇ ಬಂದಿತ್ತು. ಈಗೇನು ಮಾಡಲಿ?

ಉತ್ತರ: ಹಾಗಾದರೆ ಗರ್ಭಕೋಶದ ಬಾಯಿಯ ಉದ್ದ ಅಳೆಸಿ. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್. 25 ಮಿಲಿಮೀಟರಿಗಿಂತ ಕಡಿಮೆ ಬಂದರೆ ಯೋನಿಯಲ್ಲಿಡುವ ಪ್ರೊಜೆಸ್ಟೆರಾನ್ ಹಾರ್ಮೋನ್ ಕೊಡಬಹುದು, ಕೆಲವರಿಗೆ ಆ ಬಾಯಿಗೆ ಹೊಲಿಗೆ ಹಾಕುತ್ತಾರೆ. ಜೊತೆಗೆ ಮೂತ್ರದಲ್ಲಿ ಸೋಂಕು ಇದೆಯಾ ಅಂತ ನೋಡುವ ಯೂರಿನ್ ಕಲ್ಚರ್ ಕೂಡ ಮಾಡಿಸಿ.

ಮೊದಲು ಕೇಳಿದವರು: ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ಇನ್ನೆರಡು ವಾರಕ್ಕಿದೆ. ಆಗಲೇ ಮಾಡಿಸಲಾ?

ಉತ್ತರ: ಕಾಯಬೇಡಿ. ನಿಮ್ಮಂಥವರಿಗೆ 16ನೇ ವಾರದಿಂದಲೇ ಅಳೆಯುವುದುಂಟು. ಈ ವಾರವೇ ಹೋಗಿ, ಹಳೇ ಫೈಲ್ ತೋರಿಸಿ. ಹೊಟ್ಟೆ ಮೇಲಿನ ಸ್ಕ್ಯಾನಿಗೆ ಹೋಗೋ ಹಾಗೆ ಬಾಟಲಿಗಟ್ಟಲೆ ನೀರು ಕುಡಿದು ಕೂರಬೇಡಿ. ಇದಕ್ಕೆ ಮೂತ್ರ ಮಾಡಿಕೊಂಡೇ ಒಳಗೆ ಹೋಗಬೇಕು, ಮೂತ್ರಚೀಲ ತುಂಬಿದ್ದರೆ ಉದ್ದ ಜಾಸ್ತಿ ತೋರಿಸುತ್ತದೆ.