ಪದಚರ್ಚೆ: ‘ಡಿಕ್ಕಿ ಶಾಕ್ ಕುಂತೈತಿ’ ಎಂಬುದನ್ನು ಬರಹದಲ್ಲಿ ಹೇಗೆ ಹೇಳುವುದು?

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುವ ಜೋಡಿ ಕೊಳವೆಗಳಿವೆಯಲ್ಲ, ಅವನ್ನು ಬದಲಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಒಂದು ಕಡೆ ‘ಸವೆದ ಎತ್ತುವ ಬೆಂಬಲಗಳು’ ಎಂದಿದೆ, ಇನ್ನೊಂದು ಕಡೆ ‘ಅನಿಲ ಆಘಾತ ನಿವಾರಕ’ ಎಂದಿದೆ. ಇಲ್ಲಿನ ಗ್ಯಾರೇಜುಗಳಲ್ಲಿ ಇದೇ ಮಾತು ‘ಡಿಕ್ಕಿ ಶಾಕ್ ಕುಂತೈತಿ’. ಓದುವವರು ಮೆಕ್ಯಾನಿಕ್‌ಗಳು, ಕಾರಿನವರು. ವಸ್ತುವಿಗೆ ಯಾವ ಹೆಸರು ಕೊಡುವುದು? ಕೆಟ್ಟಿದೆ ಅನ್ನುವುದಕ್ಕೆ ಯಾವ ಕ್ರಿಯಾಪದ? ‘ಡಿಕ್ಕಿ’ಯನ್ನು ಬರಹದಲ್ಲಿ ಉಳಿಸಿಕೊಳ್ಳಬಹುದೇ?

ಚಿತ್ರದುರ್ಗದಿಂದ:

ಮೇಡಂ, ಕೊನೆಯದು ಸುಲಭ, ಮೊದಲು ಅದನ್ನು ಮುಗಿಸುತ್ತೇನೆ. ಡಿಕ್ಕಿ ಇರಲಿ. ಹಳೆಯ ಗಾಡಿಗಳ ಹಿಂಬದಿಯ ಸೀಟಿಗೆ ಇಂಗ್ಲಿಷಿನಲ್ಲಿದ್ದ ಹೆಸರು ನಮ್ಮಲ್ಲಿ ಸಾಮಾನಿಡುವ ಜಾಗಕ್ಕೆ ಬಂದು, ಸ್ಕೂಟರಿನವರೆಗೂ ಹೋಗಿದೆ. ಟಗರು ಹೊಡೆಯುವ ಡಿಕ್ಕಿ ಬೇರೆ. ಯಾವುದು ಯಾವುದೆಂದು ಸಂದರ್ಭವೇ ಹೇಳುತ್ತದೆ. ಆದರೆ ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿ ಎಂದರೆ ಜಾಗವೂ ಹೌದು, ಮೇಲೇಳುವ ಬಾಗಿಲೂ ಹೌದು. ಕೈಪಿಡಿಯಲ್ಲಿ ಬಾಗಿಲಿಗೆ ‘ಡಿಕ್ಕಿ ಬಾಗಿಲು’ ಎಂದೇ ಬರೆಯಿರಿ. ‘ಹಿಂಬಾಗಿಲು’ ಎಂದರೆ ಹಿಂದಿನ ಸೀಟಿನ ಬಾಗಿಲು ಕಣ್ಣಿಗೆ ಬರುತ್ತದೆ.

ಇನ್ನು ಹೆಸರು. ‘ಬೆಂಬಲ’ ಮನುಷ್ಯರು ಮನುಷ್ಯರಿಗೆ ಕೊಡುವುದು. ಮೆಕ್ಕೆಜೋಳ ಬೆಳೆಯುವ ನಿಮ್ಮ ಜಿಲ್ಲೆಯಲ್ಲಿ ಆ ಪದ ಕೇಳಿದರೆ ಮೊದಲು ನೆನಪಾಗುವುದು ಬೆಂಬಲ ಬೆಲೆ. ‘ಆಘಾತ ನಿವಾರಕ’ ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ವಸ್ತುವಿನ ಕೆಲಸವನ್ನೇ ತಿರುವುಮುರುವು ಮಾಡುತ್ತದೆ. ಚಕ್ರದ ಪಕ್ಕದ ಶಾಕ್ ಕುಲುಕಾಟವನ್ನು ತಿನ್ನುತ್ತದೆ: ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ ವೇಗ ಕಡಿಮೆಯಾಗುತ್ತದೆ, ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಡಿಕ್ಕಿಯದು ತಾನೇ ಸ್ಪ್ರಿಂಗು. ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಇದೆ, ಸ್ವಲ್ಪ ಎಣ್ಣೆ ಇದೆ. ಪಿಸ್ಟನ್ನಿನ ಎರಡು ಬದಿಗೂ ಒತ್ತಡ ಒಂದೇ. ಆದರೆ ಒಂದು ಬದಿಯಲ್ಲಿ ರಾಡಿನ ದಪ್ಪದಷ್ಟು ಜಾಗ ಕಡಿಮೆ. ಆ ವ್ಯತ್ಯಾಸವೇ ರಾಡನ್ನು ಹೊರಕ್ಕೆ ದೂಡುತ್ತದೆ. 8 ಮಿ.ಮೀ. ರಾಡಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ.; 350 ನ್ಯೂಟನ್ ದೂಡಬೇಕಾದರೆ ಒಳಗಿನ ಒತ್ತಡ 70 ಬಾರ್ ಹತ್ತಿರ ಇರಬೇಕು. ಕಾರಿನ ಟಯರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್.

ದೂಡುತ್ತದೆ ಅನ್ನುವುದು ಹೆಸರಿನಲ್ಲೇ ಬರಬೇಕು. ‘ಊರುಗೋಲು’ ಒಳ್ಳೆಯ ಪದ. ಚನ್ನಗಿರಿ ಕಡೆಯ ತೋಟದಲ್ಲಿ ಬಾಳೆಗೊನೆ ತೂಗಿದಾಗ ಕೊಡುವ ಕೋಲು ಅದೇ ಕೆಲಸ ಮಾಡುತ್ತದೆ. ಆದರೆ ಅದು ನಿಲ್ಲಿಸುತ್ತದೆ, ಎತ್ತುವುದಿಲ್ಲ; ಅದನ್ನು ಬಾನೆಟ್ಟಿಗೆ ಕೊಡುವ ಕಬ್ಬಿಣದ ಕಡ್ಡಿಗೆ ಮೀಸಲಿಡಿ. ‘ಎತ್ತುಗೋಲು’ ಅಂದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಅರ್ಧ ಜನ ಬಾರುಕೋಲು ಹುಡುಕುತ್ತಾರೆ. ನನ್ನ ಸಲಹೆ ‘ಒತ್ತುಗೋಲು’. ಒತ್ತು ಎಂದರೆ ದೂಡುವುದು, ಒತ್ತಾಸೆ ಎಂದರೆ ಆಸರೆ. ಈ ಕೊಳವೆ ಎರಡನ್ನೂ ಮಾಡುತ್ತದೆ. ಮೊದಲ ಸಲ ಬಂದಾಗ ‘ಒತ್ತುಗೋಲು, ಅಂದರೆ ಡಿಕ್ಕಿ ಶಾಕ್’ ಎಂದು ಬರೆದುಬಿಡಿ. ಅಂಗಡಿಯಲ್ಲಿ ಕೇಳಬೇಕಾದ್ದು ಡಿಕ್ಕಿ ಶಾಕೇ, ಆ ಹೆಸರನ್ನು ಓದುಗರಿಂದ ಕಿತ್ತುಕೊಳ್ಳಬಾರದು.

ಕ್ರಿಯಾಪದದ ವಿಷಯಕ್ಕೆ ಬಂದರೆ ‘ಸವೆ’ ಸಲ್ಲದು. ಬ್ರೇಕ್ ಪ್ಯಾಡ್ ಸವೆಯುತ್ತದೆ, ಟಯರು ಸವೆಯುತ್ತದೆ, ಅಳೆದು ತೋರಿಸಬಹುದು. ಒತ್ತುಗೋಲಿನ ರಾಡು ಹತ್ತು ವರ್ಷದ ಮೇಲೂ ಹೊಳೆಯುತ್ತಿರುತ್ತದೆ. ಹೋಗುವುದು ಗ್ಯಾಸನ್ನು ಒಳಗೇ ತಡೆಯುವ ಸೀಲು, ಅದರ ಹಿಂದೆಯೇ ಗ್ಯಾಸು. ‘ಸವೆದಿದೆಯೇ ನೋಡಿ’ ಎಂದು ಬರೆದರೆ ಓದುಗ ರಾಡನ್ನು ನೋಡಿ ಚೆನ್ನಾಗಿದೆ ಎಂದು ಮುಂದೆ ಹೋಗುತ್ತಾನೆ. ನೋಡಬೇಕಾದ್ದು ರಾಡು ಸಿಲಿಂಡರಿನೊಳಗೆ ಹೋಗುವ ಬಾಯಿ: ಅಲ್ಲಿ ಎಣ್ಣೆ ಜಿನುಗಿ ಧೂಳು ಹಿಡಿದು ಕಪ್ಪು ಬಳೆಯಂತೆ ಕಟ್ಟಿಕೊಂಡಿದ್ದರೆ ಸೀಲು ಹೋಗಿದೆ. ಎಣ್ಣೆ ಕಾಣದೆಯೂ ಗ್ಯಾಸು ನಿಧಾನವಾಗಿ ಇಳಿದಿರಬಹುದು. ಆಗ ಬಾಗಿಲನ್ನು ಅರ್ಧ ಎತ್ತಿ, ಕೈ ಹತ್ತಿರದಲ್ಲೇ ಇಟ್ಟುಕೊಂಡು ಬಿಟ್ಟು ನೋಡಬೇಕು.

‘ಕುಂತೈತಿ’ (ನಮ್ಮಲ್ಲಿ ‘ಕುಂತೈತೆ’) ಜೀವಂತ ಮಾತು, ಆದರೆ ಕೈಪಿಡಿಯಲ್ಲಿ ತೊಡಕು ಮಾಡುತ್ತದೆ. ಹಳೆಯದು ‘ಕೂತಿದೆ’ ಅಂದರೆ ಬಲ ಹೋಗಿದೆ. ಹೊಸದು ಬಾಲ್ (ತುದಿ ಸಿಕ್ಕಿಕೊಳ್ಳುವ ಲೋಹದ ಗುಂಡು) ಮೇಲೆ ‘ಕೂರಬೇಕು’ ಅಂದರೆ ಸರಿಯಾಗಿ ಸಿಕ್ಕಿಕೊಳ್ಳಬೇಕು. ಒಂದೇ ಪುಟದಲ್ಲಿ ಎರಡು ವಿರುದ್ಧ ಅರ್ಥ. ಕೂರುವುದನ್ನು ಜೋಡಣೆಗೆ ಬಿಟ್ಟು, ಹಾಳಾದದ್ದಕ್ಕೆ ‘ಸೋತ’ ಎನ್ನಿ. ಕಾಲು ಸೋತವು, ಎತ್ತು ಸೋತಿತು ಅನ್ನುವ ಹಾಗೆ ‘ಒತ್ತುಗೋಲು ಸೋತಿದೆ’.

ಸೋಲು ಎಂಬುದರಲ್ಲಿ ಇನ್ನೊಂದು ಅನುಕೂಲ, ಅದು ಮೆಲ್ಲಗೆ ಆಗುವುದನ್ನೂ ಹೇಳುತ್ತದೆ. ಕಾಯ್ದರೆ ಗ್ಯಾಸಿನ ಒತ್ತಡ ಏರುತ್ತದೆ, ತಣಿದರೆ ಇಳಿಯುತ್ತದೆ. 38 ಡಿಗ್ರಿ ಬಿಸಿಲಿಗೂ 15 ಡಿಗ್ರಿ ಚಳಿಗೂ ನಡುವೆ ಬಲದ ವ್ಯತ್ಯಾಸ ನೂರಕ್ಕೆ ಏಳರಷ್ಟು. ಹಾಗಾಗಿ ಅರ್ಧ ಸೋತದ್ದು ಏಪ್ರಿಲ್ ಮಧ್ಯಾಹ್ನ ನಿಂತು, ಡಿಸೆಂಬರ್ ಬೆಳಗ್ಗೆ ತಲೆಯ ಮೇಲೆ ಬೀಳುತ್ತದೆ.

ದಾವಣಗೆರೆಯಿಂದ:

ಸರ್, ಒತ್ತುಗೋಲು ಒಪ್ಪಿಗೆ. ಕೆಲಸದ ಭಾಗದಲ್ಲಿ ಕರಡು ಹೀಗಿದೆ: ‘ಬಾಗಿಲಿಗೆ ಆಧಾರ ನೀಡಿ, ಕ್ಲಿಪ್ ತೆಗೆಯಿರಿ, ಒತ್ತುಗೋಲನ್ನು ಹೊರತೆಗೆಯಿರಿ, ಅದೇ ಉದ್ದ ಮತ್ತು ತೂಕದ ಹೊಸದನ್ನು ಅಳವಡಿಸಿ.’ ಇದರಲ್ಲಿ ತಿದ್ದುವುದಿದೆಯೇ?

ಚಿತ್ರದುರ್ಗದಿಂದ:

ಹೆಚ್ಚು ತಿದ್ದಬೇಕಾದ್ದು ಇಲ್ಲೇ, ಮೇಡಂ.

‘ಕ್ಲಿಪ್ ತೆಗೆಯಿರಿ’ ಎಂದರೆ ಪೂರ್ತಿ ಕಿತ್ತು ತೆಗೆಯುತ್ತಾರೆ. ತುದಿಯನ್ನು ಬಾಲಿಗೆ ಹಿಡಿದಿಡುವ ಆ ಸಣ್ಣ ತಂತಿ ಚಿಮ್ಮಿ ಎಲ್ಲೋ ಹೋಗುತ್ತದೆ. ಇಲ್ಲಿಗೆ ನಮ್ಮದೇ ಪದವಿದೆ: ಮೀಟು. ‘ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಕ್ಲಿಪ್ಪಿನ ಕೆಳಗಿಟ್ಟು ಮೂರ್ನಾಲ್ಕು ಮಿ.ಮೀ. ಮೀಟಿ, ಕ್ಲಿಪ್ಪು ಅಲ್ಲೇ ಇರಲಿ.’ ಆಮೇಲೆ ಒತ್ತುಗೋಲಿನ ಬಟ್ಟಲಿನಂಥ ತುದಿಯನ್ನು ಬಾಲಿನಿಂದ ‘ಕಳಚಿ’, ಬಾಲ್ ಇರುವ ನೇರಕ್ಕೇ ಎಳೆದು. ‘ಬಿಚ್ಚಿ’ ಎಂದರೆ ಬಾಲಿನ ಬೋಲ್ಟನ್ನೇ ಬಿಚ್ಚಲು ಸ್ಪ್ಯಾನರ್ ಹಾಕುತ್ತಾರೆ.

‘ಆಧಾರ ನೀಡಿ’ ಅಸ್ಪಷ್ಟ. ಗಟ್ಟಿ ಕೋಲಿನ ತುದಿಗೆ ಬಟ್ಟೆ ಸುತ್ತಿ, ಬಾಗಿಲಿನ ಲಾಕಿನ ಹತ್ತಿರ ಕೊಡಬೇಕು. ಗಾಜಿಗೂ ಪ್ಲಾಸ್ಟಿಕ್ಕಿಗೂ ಅಲ್ಲ. ನಮ್ಮ ದುರ್ಗದಂಥ ಗಾಳಿಯ ಊರಿನಲ್ಲಿ ಕೋಲಿನ ಜೊತೆ ಒಬ್ಬರು ಹಿಡಿದು ನಿಲ್ಲಲೇಬೇಕು, ತೆರೆದ ಬಾಗಿಲು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಒಂದು ಬದಿಯ ಕೆಲಸ ಮುಗಿಸಿಯೇ ಇನ್ನೊಂದು ಬದಿಗೆ ಹೋಗಲಿ. ಬದಲಿಸುವುದಾದರೆ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಬಾಗಿಲು ಒಂದು ಕಡೆಗೆ ತಿರುಚಿಕೊಂಡು ಸಂದು ಓರೆಯಾಗುತ್ತದೆ.

‘ಉದ್ದ’ ಸಾಲದು. ‘ಪೂರ್ತಿ ಚಾಚಿದಾಗ ಬಾಲಿನ ನಡುವಿನಿಂದ ಬಾಲಿನ ನಡುವಿಗೆ’ ಎಂದು ಬರೆಯಿರಿ, ರಾಡು ಒಳಗೆ ಹೋಗುವ ಅಳತೆಯನ್ನು ಬೇರೆ ಕೊಡಿ. ರಾಡು ಪೂರ್ತಿ ಒಳಗೆ ಹೋದಾಗಿನ ಉದ್ದ ಜಾಗಕ್ಕಿಂತ ಹೆಚ್ಚಾದರೆ ಬಾಗಿಲು ಮುಚ್ಚದು. ಒತ್ತಿ ಮುಚ್ಚಿದರೆ ರಾಡು ಅಥವಾ ಬ್ರಾಕೆಟ್ಟು ಬಾಗುತ್ತದೆ. ಚಾಚಿದ ಉದ್ದ ಹೆಚ್ಚಾದರೆ ಬಾಗಿಲಿನ ಮೇಲಂಚು ಛಾವಣಿಗೆ ತಗಲಬಹುದು.

‘ತೂಕ’ ಎಂಬುದನ್ನಂತೂ ತೆಗೆದೇಬಿಡಿ, ಅದು ‘ಬಲ’. ಸಿಲಿಂಡರಿನ ಮೇಲೆ ನ್ಯೂಟನ್ನಿನಲ್ಲಿ ಅಚ್ಚಾಗಿರುತ್ತದೆ. 350 ಎಂದರೆ ಸುಮಾರು 36 ಕೆಜಿಯಷ್ಟು ದೂಡುತ್ತದೆ. ಬಾಗಿಲೇ 15 ಕೆಜಿ ಇರುವಾಗ ಜೋಡಿಗೆ 72 ಯಾಕೆ ಎಂದು ಓದುಗ ಕೇಳುತ್ತಾನೆ. ಉತ್ತರ ಸನ್ನೆಯ ಲೆಕ್ಕದಲ್ಲಿದೆ. ಬಾಗಿಲಿನ ಭಾರ ಹಿಂಜಿನಿಂದ 50 ಸೆಂ.ಮೀ. ದೂರದಲ್ಲಿ ತೂಗುತ್ತದೆ, ಒತ್ತುಗೋಲು ದೂಡುವ ಗೆರೆ ಹಿಂಜಿಗೆ 12 ಸೆಂ.ಮೀ. ಹತ್ತಿರದಲ್ಲಿದೆ ಎನ್ನೋಣ. 15ನ್ನು 50ರಿಂದ ಗುಣಿಸಿ 12ರಿಂದ ಭಾಗಿಸಿದರೆ 62.5 ಕೆಜಿ, ಒಂದೊಂದಕ್ಕೆ 31ಕ್ಕೆ ಸ್ವಲ್ಪ ಮೇಲೆ, ಅಂದರೆ 306 ನ್ಯೂಟನ್. ಚಳಿಗೂ ವಯಸ್ಸಿಗೂ ಇನ್ನಷ್ಟು ಸೇರಿಸಿದರೆ 350. ಬಲ ಹೆಚ್ಚಿದ್ದಷ್ಟು ಒಳ್ಳೆಯದು ಎಂದು 500 ಹಾಕಿದರೆ ಬಾಗಿಲು ಚಿಮ್ಮಿ ಏಳುತ್ತದೆ, ಹಿಂಜು ಬಳಲುತ್ತದೆ, ಮುಚ್ಚಲು ಜೋತುಬೀಳಬೇಕಾಗುತ್ತದೆ. ಡಿಕ್ಕಿ ಬಾಗಿಲಿಗೆ ಸ್ಪಾಯ್ಲರ್ (ರೆಕ್ಕೆಯಂಥ ಪಟ್ಟಿ) ಕೂರಿಸಿ ಭಾರ ಹೆಚ್ಚಿದ ಕಾರಾದರೆ ಮಾತ್ರ ಮೂಲ ಬಲ ಸಾಲದೆ ಹೋಗಬಹುದು.

‘ಅಳವಡಿಸಿ’ ಬದಲು: ‘ಬಾಲಿಗೆ ಚೂರು ಗ್ರೀಸ್ ಹಚ್ಚಿ, ಬಾಗಿಲು ಮುಚ್ಚಿದಾಗ ಸಿಲಿಂಡರ್ ಮೇಲೆ, ರಾಡು ಕೆಳಗೆ ಬರುವಂತೆ ಹಿಡಿದು, ಟಕ್ ಎಂದು ಕೂರುವವರೆಗೆ ಒತ್ತಿ.’ ರಾಡು ಕೆಳಗೆ ಏಕೆಂದರೆ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ರಾಡನ್ನು ಪಕ್ಕಡಿನಿಂದ ಹಿಡಿಯಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಕೂದಲೆಳೆಯಷ್ಟು ಗೀರು ಬಿದ್ದರೂ ಪ್ರತಿ ಸಲ ಒಳಗೆ ಹೋಗುವಾಗ ಸೀಲನ್ನು ಕೊಯ್ಯುತ್ತದೆ.

ಕರಡಿನ ಕೊನೆಯಲ್ಲಿ ‘ಹಳೆಯದನ್ನು ವಿಲೇವಾರಿ ಮಾಡಿ’ ಎಂದಿದ್ದರೆ ಅದನ್ನೂ ಬಿಡಿಸಿ ಬರೆಯಿರಿ: ‘ಕೊಯ್ಯಬೇಡಿ, ತೂತು ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ, ಸೋತದ್ದರಲ್ಲೂ ಒತ್ತಡ ಉಳಿದಿರುತ್ತದೆ. ಗುಜರಿಯವರಿಗೆ ಕೊಡುವಾಗ ಒಳಗೆ ಗ್ಯಾಸಿದೆ ಎಂದು ಹೇಳಿ ಕೊಡಿ.’