ಪೋಲಿಂಗ್‌ನಲ್ಲಿ ಫಿಲ್ಮ್ ಸುಡುತ್ತಿದೆ, ಆರ್33 ಏರುತ್ತಿಲ್ಲ. ಮಳೆಗಾಲದ ತೇವ ಕಾರಣವಾ?

ಸುರತ್ಕಲ್_ಕಡಲು:
ನಮಸ್ಕಾರ. ಫಿಲ್ಮನ್ನು ಬಿಸಿ ಮಾಡಿ ವೋಲ್ಟೇಜ್ ಕೊಟ್ಟು ಬಣ್ಣದ ಅಣುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುವುದೇ ಪೋಲಿಂಗ್. ವೋಲ್ಟೇಜಿಗೆ ಫಿಲ್ಮಿನ ವಕ್ರೀಭವನ ಎಷ್ಟು ಬದಲಾಗುತ್ತದೆ ಎಂಬ ಅಳತೆ ಆರ್33. ನನ್ನದು ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನ) ಇರುವ ಗಾಜಿನ ಮೇಲೆ ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಫಿಲ್ಮ್, ಅದರಲ್ಲಿ ಡಿಸ್ಪರ್ಸ್ ರೆಡ್ 1 ಬಣ್ಣ ತೂಕದಲ್ಲಿ ಶೇ. 10. ಸಾಲ್ವೆಂಟ್ ಸೈಕ್ಲೋಪೆಂಟನೋನ್, ಮೇಲೆ ಚಿನ್ನದ ಎಲೆಕ್ಟ್ರೋಡ್. ಬೇಸಿಗೆಯ ಸ್ಯಾಂಪಲ್ ಮೈಕ್ರಾನಿಗೆ 100 ವೋಲ್ಟ್ ತಡೆದುಕೊಂಡಿತ್ತು. ಮಂಗಳೂರಲ್ಲಿ ಮಳೆ ಹಿಡಿದ ಮೇಲೆ ಅದರ ಅರ್ಧಕ್ಕೇ ಕರೆಂಟ್ ಜಿಗಿದು ಚಿನ್ನದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಬಣ್ಣ ಶೇ. 30ಕ್ಕೆ ಏರಿಸಿದರೆ ಆರ್33 ಇನ್ನೂ ಕಡಿಮೆ. ಏನು ಮಾಡಲಿ?

ಮಣಿಪಾಲ_ಲೇಸರ್:
ವೋಲ್ಟೇಜ್ ಮುಟ್ಟಬೇಡಿ ಮಾರಾಯ್ರೆ, ಮೊದಲು ಫಿಲ್ಮ್ ಒಣಗಿಸಿ. ಪಿಎಂಎಂಎ ನೀರಲ್ಲಿ ಮುಳುಗಿದರೆ ತೂಕದ ಸುಮಾರು ಶೇ. 2ರಷ್ಟು ನೀರು ಹೀರುತ್ತದೆ. ನಮ್ಮ ಜುಲೈ ಗಾಳಿಯಿಂದಲೂ ಸಾಕಷ್ಟು ಎಳೆದುಕೊಳ್ಳುತ್ತದೆ. ಸೈಕ್ಲೋಪೆಂಟನೋನ್ ಕುದಿಯುವುದು 131 ಡಿಗ್ರಿಗೆ. ಹಾಟ್‌ಪ್ಲೇಟಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೋಗುವುದಿಲ್ಲ. ಉಳಿದ ನೀರು, ಸಾಲ್ವೆಂಟ್ ಎರಡೂ ಕರೆಂಟ್ ಲೀಕೇಜ್ ಜಾಸ್ತಿ ಮಾಡುತ್ತವೆ. ದ್ರಾವಣವನ್ನು 0.2 ಮೈಕ್ರಾನ್ ಫಿಲ್ಟರಲ್ಲಿ ಸೋಸಿ. ಫಿಲ್ಮನ್ನು ಟಿಜಿಗಿಂತ (ಪ್ಲಾಸ್ಟಿಕ್ ಮೆದುವಾಗತೊಡಗುವ ತಾಪ) ಸ್ವಲ್ಪ ಕೆಳಗೆ ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿಡಿ. ಚಿನ್ನ ಕೂರಿಸಿದ ಮೇಲೆ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇರಲಿ. ಪೋಲಿಂಗ್ ನೈಟ್ರೋಜನ್‌ನಲ್ಲೇ ಮಾಡಿ.

ಶೇ. 30 ಬಿಟ್ಟುಬಿಡಿ. ಈ ಬಣ್ಣದ ಅಣುಗಳ ದ್ವಿಧ್ರುವ (ಒಂದು ತುದಿ ಧನ, ಇನ್ನೊಂದು ಋಣ) ಬಲವಾದದ್ದು. ಹತ್ತಿರ ಬಂದರೆ ತಲೆ-ಬಾಲ ತಿರುಗಿಸಿ ಜೋಡಿಯಾಗುತ್ತವೆ, ಆ ಜೋಡಿಯಿಂದ ಆರ್33ಗೆ ಏನೂ ಸಿಗುವುದಿಲ್ಲ. ಬಣ್ಣ ಹೆಚ್ಚಿದಷ್ಟೂ ಟಿಜಿಯೂ ಇಳಿಯುತ್ತದೆ. ಪಿಎಂಎಂಎಯ 105 ಡಿಗ್ರಿ ನಂಬಿ ಕೂರಬೇಡಿ, ನಿಮ್ಮ ಫಿಲ್ಮಿನ ಟಿಜಿಯನ್ನೇ ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಶಾಖದ ಹರಿವು ಅಳೆಯುವ ಯಂತ್ರ) ನೋಡಿ. ಆ ತಾಪದಲ್ಲಿ ಪೋಲ್ ಮಾಡಿ, ಕೋಣೆಯ ತಾಪಕ್ಕೆ ಇಳಿಯುವವರೆಗೆ ವೋಲ್ಟೇಜ್ ತೆಗೆಯಬೇಡಿ.

ಸುರತ್ಕಲ್_ಕಡಲು:
ಒಣಗಿಸಿದ ಮೇಲೆ ಕರೆಂಟ್ ಜಿಗಿತ ನಿಂತಿತು, ತುಂಬಾ ಥ್ಯಾಂಕ್ಸ್ ಸರ್. ಪೋಲ್ ಆದ ಕಡೆ ಫಿಲ್ಮಿನ ಕೆಂಪು ಸ್ವಲ್ಪ ತೆಳುವಾಗಿದೆ. ಬಣ್ಣ ಆವಿಯಾಯಿತಾ?

ಮಣಿಪಾಲ_ಲೇಸರ್:
ಹಾಗಿರಲಿಕ್ಕಿಲ್ಲ, ಅದು ಒಳ್ಳೆಯ ಲಕ್ಷಣ. ಅಣುಗಳು ನೆಟ್ಟಗೆ ನಿಂತರೆ ನೇರ ಬೀಳುವ ಬೆಳಕನ್ನು ಕಡಿಮೆ ಹೀರುತ್ತವೆ. ಖಾತ್ರಿ ಬೇಕಾದರೆ ಒಂದು ಸ್ಯಾಂಪಲನ್ನು ವೋಲ್ಟೇಜ್ ಇಲ್ಲದೆ ಟಿಜಿ ದಾಟಿಸಿ ಬಿಸಿ ಮಾಡಿ. ಕೆಂಪು ವಾಪಸ್ ಬಂದರೆ ಅಣುಗಳು ತಿರುಗಿದ್ದೇ ಕಾರಣ. ಬಾರದಿದ್ದರೆ ಬಣ್ಣವೇ ಹೋಗಿದೆ. ಸಂಖ್ಯೆ ಬೇಕಾದರೆ ಪೋಲಿಂಗ್ ನಂತರದ ಹೀರಿಕೆಯನ್ನು ಮೊದಲಿನದರಿಂದ ಭಾಗಿಸಿ, 1ರಿಂದ ಕಳೆಯಿರಿ. ಅದೇ ಆರ್ಡರ್ ಪ್ಯಾರಾಮೀಟರ್, ಅಂದರೆ ಅಣುಗಳು ಎಷ್ಟು ಒಂದೇ ದಿಕ್ಕಿಗೆ ನಿಂತಿವೆ ಎಂಬ ಅಳತೆ.

ಲಿಥಿಯಂ ನಯೋಬೇಟ್ ಹರಳಿನ ಆರ್33, ಅಂದರೆ ಸುಮಾರು 30 ಪಿಕೋಮೀಟರ್/ವೋಲ್ಟ್ ಮುಟ್ಟಲು ಈ ಬಣ್ಣ ಸಾಲದು. ಅದಕ್ಕೆ ಪಕ್ಕಕ್ಕೆ ದಪ್ಪ ಗುಂಪು ಹಚ್ಚಿ ದೂರ ನಿಲ್ಲುವಂತೆ ಮಾಡಿದ ಅಣುಗಳೇ ಬೇಕು. ಈ ಸ್ಯಾಂಪಲನ್ನು ವಾರ ಬಿಟ್ಟು ಮತ್ತೆ ಅಳೆಯಿರಿ. ಪಿಎಂಎಂಎಯಲ್ಲಿ ಅಣುಗಳು ನಿಧಾನಕ್ಕೆ ಹಳೆಯ ದಿಕ್ಕಿಲ್ಲದ ಸ್ಥಿತಿಗೆ ಜಾರುತ್ತವೆ.