ಪದಚರ್ಚೆ: ಒತ್ತಿ, ಭೋಗ್ಯ, ಅಡಮಾನ – ಮನೆ ಸಾಲಕ್ಕೆ ಯಾವ ಮಾತು ಸರಿ?

ಎಲ್ಲರಿಗೂ ಬಳ್ಳಾರಿಯಿಂದ ನಮಸ್ಕಾರ. ಒಂದು ಪದದ ವಿಷಯದಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ಬಿಡಿಸಬೇಕು.

ನಮ್ಮ ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಜೀನ್ಸ್ ಹೊಲಿಯುವ ಕೆಲಸದವರು. ಮೊದಲು ಬಾಡಿಗೆಗೆ ಇದ್ದರು. ಈಗ ಐದು ವರ್ಷದಿಂದ ಭೋಗ್ಯದ ಮನೆ. ಮಾಲೀಕರಿಗೆ 4 ಲಕ್ಷ ಕೊಟ್ಟಿದ್ದಾರೆ. ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಈಗ 20 ಲಕ್ಷದ ಒಂದು ಸಣ್ಣ ಮನೆ ನೋಡಿದ್ದಾರೆ. ಬ್ಯಾಂಕಿನಲ್ಲಿ ಕೊಟ್ಟ ಕನ್ನಡದ ಹಾಳೆ ಓದಿಸಿಕೊಳ್ಳಲು ನಮ್ಮ ಮನೆಗೆ ಬಂದಿದ್ದರು. ಜೊತೆಗೆ ಗಂಡನ ತಾಯಿಯೂ ಬಂದಿದ್ದರು. ಅವರು ಕೊಪ್ಪಳದ ಕಡೆಯ ಹಳ್ಳಿಯವರು.

ಹಾಳೆಯ ನಡುವೆ "ಸದರಿ ಸ್ವತ್ತನ್ನು ಬ್ಯಾಂಕಿಗೆ ಅಡಮಾನ ಮಾಡತಕ್ಕದ್ದು" ಎಂದಿತ್ತು. ಅಡಮಾನ ಅಂದರೇನು ಎಂದು ಅಜ್ಜಿ ಕೇಳಿದರು. ಸುಲಭವಾಗಲಿ ಎಂದು ನಾನು "ಒತ್ತಿ ಹಾಕೋದು, ಅಜ್ಜಿ" ಅಂದೆ. ಅವರ ಮುಖ ಇಳಿದುಹೋಯಿತು.

"ಒತ್ತಿ ಹಾಕಿದ ಮ್ಯಾಲೆ ಮನಿಯಾಗ ಇರೋರು ಯಾರು ತಮ್ಮಾ? ನಾವೋ, ಬ್ಯಾಂಕಿನವರೋ?"

ಅವರು ಕೇಳಿದ್ದು ಸರಿಯಾಗೇ ಇತ್ತು. ಮಗಳ ಮದುವೆಗೆ ಎರಡು ಎಕರೆ ಹೊಲ ಒತ್ತಿ ಹಾಕಿದವರು ಅವರು. ಒತ್ತಿ ಹಿಡಿದವರು ಬಿತ್ತಿದರು, ಬೆಳೆದರು, ರಾಶಿ ಮಾಡಿಕೊಂಡು ಹೋದರು. ಇವರು ಬದುವಿನ ಮೇಲೆ ನಿಂತು ನೋಡಿದರು. ಅವರ ಪಾಲಿಗೆ ಒತ್ತಿ ಅಂದರೆ ಆಸ್ತಿ ಕೈಬಿಟ್ಟು ಹೋಗುವುದು, ಹೆಸರು ಮಾತ್ರ ಉಳಿಯುವುದು. ಮನೆ ಸಾಲದಲ್ಲಿ ನಡೆಯುವುದು ಇದಲ್ಲವೇ ಅಲ್ಲ. ತಪ್ಪು ಮಾತು ಬಳಸಿದವನು ನಾನು.

ಆಮೇಲೆ ಕೂತು ನೋಡಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಅಡಮಾನದಲ್ಲಿ ಆರು ಬಗೆ ಹೇಳುತ್ತದೆ. ಒಂದರಲ್ಲಿ ಸ್ವತ್ತು ಸಾಲ ಕೊಟ್ಟವನ ಕೈಗೆ ಹೋಗುತ್ತದೆ. ಅದರ ಫಲ ಅವನು ತಿನ್ನುತ್ತಾನೆ. ಅಜ್ಜಿಯ ಒತ್ತಿ ಇದೇ. ಇನ್ನೊಂದರಲ್ಲಿ ಮೂಲ ಹಕ್ಕುಪತ್ರಗಳನ್ನು ಸಾಲ ಕೊಟ್ಟವರ ಹತ್ತಿರ ಇಡುತ್ತಾರೆ. ಮನೆ ನಮ್ಮ ಕೈಯಲ್ಲೇ ಇರುತ್ತದೆ. ಬ್ಯಾಂಕಿನ ಮನೆ ಸಾಲ ಹೆಚ್ಚಾಗಿ ಈ ಬಗೆಯದು. ಕಾಯ್ದೆ ಎರಡನ್ನೂ ಒಂದೇ ಪದದ ಕೆಳಗೆ ಸೇರಿಸಿದೆ. ಹಳ್ಳಿಯ ಮಾತಿನಲ್ಲಿ ಇವು ಒಂದೇ ಅಲ್ಲ.

ಇನ್ನೊಂದು ಸಂಗತಿ ಹೊಳೆದಾಗ ನನಗೆ ಮೈ ಜುಮ್ಮೆಂದಿತು. ಭೋಗ್ಯದ ಮನೆಯಲ್ಲಿ ಇರುವವರು ಯಾರು? ಮಾಲೀಕರಿಗೆ ದುಡ್ಡು ಕೊಟ್ಟು, ಬಡ್ಡಿಯ ಬದಲು ಮನೆಯನ್ನು ಬಳಸುವವರು. ಮಾತಿನ ಮೂಲ ಹಿಡಿದು ನೋಡಿದರೆ ನಮ್ಮ ಪಕ್ಕದ ಮನೆಯವರು ಬರೀ ಬಾಡಿಗೆದಾರರಲ್ಲ, ಐದು ವರ್ಷದಿಂದ ಒತ್ತಿ ಹಿಡಿದವರು! ಸ್ವಂತ ಮನೆಗೆ ಸಾಲ ತೆಗೆದ ದಿನ ಅವರು ಒತ್ತೆ ಇಟ್ಟವರು, ಅಂದರೆ ಸಾಲಕ್ಕೆ ಭದ್ರತೆ ಕೊಟ್ಟವರಾಗುತ್ತಾರೆ. ಇಷ್ಟು ದೊಡ್ಡ ಬದಲಾವಣೆಯನ್ನು "ಅಡಮಾನ" ಎಂಬ ಒಂದು ಮಾತಿನಲ್ಲಿ ಮುಗಿಸಿದರೆ ಅಜ್ಜಿ ಹೆದರದೆ ಇನ್ನೇನು ಮಾಡುತ್ತಾರೆ? ತಮಿಳಿನಲ್ಲೂ ಹೀಗೆ ದುಡ್ಡು ಕೊಟ್ಟು ಮನೆ ಹಿಡಿಯುವುದಕ್ಕೆ "ಒತ್ತಿ" ಎಂದೇ ಹೇಳುತ್ತಾರೆ. ಇಂಗ್ಲಿಷಿನ ಮಾರ್ಟ್‌ಗೇಜ್ ಹಳೆಯ ಫ್ರೆಂಚಿನಿಂದ ಬಂದದ್ದು, "ಸತ್ತ ಒತ್ತೆ" ಎಂದು ಅರ್ಥ. ಹಿಂದಿನ ಕಾಲದಲ್ಲಿ ಅದೂ ಫಲ ಸಾಲಗಾರನಿಗೆ ಸಿಗದ, ಅಸಲೂ ಕರಗದ ಒತ್ತೆಯೇ ಆಗಿತ್ತು. ನಮ್ಮ ಭೋಗ್ಯದ ಹಾಗೇ, ಅಲ್ವಾ?

ಹಾಗಾದರೆ ಮನೆ ಸಾಲಕ್ಕೆ ಏನನ್ನೋಣ? ಗಿರವಿ ನನಗೆ ಒಗ್ಗುವುದಿಲ್ಲ. ನಮ್ಮ ಕಡೆ ಗಿರವಿ ಎಂದರೆ ಬಂಗಾರ, ಅದು ಅಂಗಡಿಯವರ ಪೆಟ್ಟಿಗೆಗೆ ಹೋಗುವ ವಸ್ತು. ಬಳ್ಳಾರಿಯ ತೆಲುಗು ಮನೆಗಳಲ್ಲಿ ತಾಕಟ್ಟು ಅನ್ನುತ್ತಾರೆ, ಅದನ್ನು ಎಲ್ಲ ಕಡೆ ಬಳಸಲಾಗದು. ಹಳೆಯ ದಸ್ತಾವೇಜುಗಳ "ಆಧಾರ ಪತ್ರ" ಒಳ್ಳೆಯ ಮಾತು. ಆದರೆ ಈಗ ಆಧಾರ ಎಂದ ಕೂಡಲೇ ಜನ ಜೇಬಿನಿಂದ ಕಾರ್ಡು ತೆಗೆಯುತ್ತಾರೆ. ಅದೂ ಅಲ್ಲದೆ ಆ ಮಾತು ತುಂಬಾ ಮೆದು. ಕಂತು ಕಟ್ಟದೆ ಸಾಲ ಕೆಟ್ಟರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸ್ ಕೊಟ್ಟು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಆ ಭಾರ ಮಾತಿನಲ್ಲಿ ಇರಲೇಬೇಕು.

ನನಗೆ ಹೊಳೆದದ್ದು "ಪತ್ರ ಒತ್ತೆ". ಒತ್ತೆಯ ಭಾರವೂ ಇದೆ, ಕೈ ಬದಲಾಗುವುದು ಪತ್ರ ಮಾತ್ರ ಎಂಬುದೂ ಗೊತ್ತಾಗುತ್ತದೆ. ಅಜ್ಜಿಗೆ ಹೀಗೆ ಹೇಳಿದೆ: "ಮನೆ ನಿಮ್ಮ ಹೆಸರಲ್ಲೇ, ಖಾತೆ ನಿಮ್ಮದೇ, ಕ್ರಯಪತ್ರ ಮಾತ್ರ ಬ್ಯಾಂಕಲ್ಲಿ. ಸಾಲ ತೀರಿಸಿ ಪತ್ರ ಬಿಡಿಸಿಕೊಳ್ಳೋದು." ಅವರು ತಲೆ ಆಡಿಸಿ, "ಹಂಗಾರ ಪತ್ರ ಅವರ ಹತ್ರ, ಕೀಲಿ ನಮ್ಮ ಹತ್ರ" ಅಂದರು. ಸಾಲ ಕೊಡಿಸಲು ಬಂದಿದ್ದ ಏಜೆಂಟ್ ಒಬ್ಬರು ಇವರಿಗೆ "ಸಾಲ ತೀರೋವರೆಗೂ ಮನೆ ಬ್ಯಾಂಕಿನ ಹೆಸರಲ್ಲಿ ಇರುತ್ತೆ" ಎಂದು ತಪ್ಪು ಹೇಳಿದ್ದರಂತೆ. ಹಾಗೇನೂ ಇಲ್ಲ. ಪತ್ರ ಇಟ್ಟ ದಾಖಲೆಯನ್ನು ನೋಂದಣಿ ಮಾಡಿಸಿದಾಗ ಅದು ಋಣಭಾರ ಪತ್ರದಲ್ಲಿ ಕಾಣುತ್ತದೆ ಅಷ್ಟೆ.

"ಬಿಡಿಸಿಕೊಳ್ಳು" ಎಂಬ ಮಾತನ್ನು ದಯವಿಟ್ಟು ಉಳಿಸೋಣ. ಬ್ಯಾಂಕಿನ ಹಾಳೆಯಲ್ಲಿ "ವಿಮೋಚನೆ" ಎಂದಿತ್ತು, ಮೂವರಿಗೂ ತಿಳಿಯಲಿಲ್ಲ. ಬಂಗಾರ ಬಿಡಿಸಿದೆ, ಹೊಲ ಬಿಡಿಸಿದೆ ಎಂದು ದಿನವೂ ಆಡುವ ಮಾತು ಇರುವಾಗ ಇದೇಕೆ? ತಿಳಿಯುವ ಮಾತಿದ್ದರೆ ಜನ ಹಕ್ಕನ್ನೂ ಕೇಳಿ ಪಡೆಯುತ್ತಾರೆ. ಸಾಲ ಪೂರ್ತಿ ತೀರಿದ 30 ದಿನದಲ್ಲಿ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ.

ಇನ್ನೊಂದು ಗೊಂದಲದ ಮಾತು "ಮುಂಗಡ". ಬಾಡಿಗೆ ಮನೆಗೆ ಕೊಡುವುದೂ ಮುಂಗಡ, ಮಾರುವವರಿಗೆ ಕರಾರಿನ ದಿನ ಕೊಡುವುದೂ ಮುಂಗಡ, ಸಾಲ ಹೋಗಿ ಉಳಿದ ನಮ್ಮ ಪಾಲೂ ಮುಂಗಡ. ಮೊದಲನೆಯದು ವಾಪಸ್ ಬರುತ್ತದೆ, ಉಳಿದವು ಬರುವುದಿಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆ ಬೆಲೆಯಲ್ಲಿ ನೂರಕ್ಕೆ 90 ಭಾಗದವರೆಗೆ ಮಾತ್ರ ಕೊಡಬಹುದು. ಅಂದರೆ 20 ಲಕ್ಷದ ಮನೆಗೆ ಕಡಿಮೆ ಅಂದರೂ 2 ಲಕ್ಷ ಕೈಯಿಂದ ಹಾಕಬೇಕು, ನೋಂದಣಿ ಖರ್ಚು ಬೇರೆ. ಇವರ ಕೈದುಡ್ಡೆಲ್ಲ ಭೋಗ್ಯದಲ್ಲಿದೆ. ಮನೆ ಖಾಲಿ ಮಾಡದೆ ಅದು ಬರುವುದಿಲ್ಲ, ಅದು ಬರದೆ ಹೊಸ ಮನೆ ಆಗುವುದಿಲ್ಲ. ಕರಾರಿನ ದಿನದ ದುಡ್ಡಿಗೆ ಹಿಂದೆ "ಸಂಚಕಾರ" ಎನ್ನುತ್ತಿದ್ದರು. ಈಗ ಪತ್ರಿಕೆಗಳಲ್ಲಿ "ಪ್ರಾಣಕ್ಕೆ ಸಂಚಕಾರ" ಎಂದು ಮಾತ್ರ ಉಳಿದಿದೆ. ಹಳೆಯ ಅರ್ಥದಲ್ಲಿ ಇನ್ನೂ ಯಾರಾದರೂ ಆಡುತ್ತಾರಾ?

ಬಡ್ಡಿಯ ವಿಷಯ ಚಿಕ್ಕದು. ಫ್ಲೋಟಿಂಗ್ ರೇಟಿಗೆ "ತೇಲುವ ಬಡ್ಡಿ" ಬೇಡ, "ಬದಲಾಗುವ ಬಡ್ಡಿ" ಸಾಕು.

ನಾನು ಕೇಳುವುದಿಷ್ಟು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ. ಎರಡೂ ಕಡೆಯ ಹಳೆ ಕಾಗದಗಳ ಮಾತು ಬೇರೆ ಇರಬೇಕು. ನಿಮ್ಮ ಮನೆಯ ಪತ್ರಗಳಲ್ಲಿ ಅಡಮಾನಕ್ಕೆ ಉರ್ದುವಿನ "ರಹನ್" ಕಂಡಿದ್ದೀರಾ? ಸ್ವಾಧೀನ ಬಿಡದೆ ಬರೀ ಪತ್ರ ಇಟ್ಟು ಸಾಲ ತಂದರೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಕಾನೂನಿನ ಲೆಕ್ಕದಲ್ಲಿ ಒತ್ತೆ ಬೀಳುವುದು ಮನೆಯೇ ಆದ್ದರಿಂದ "ಪತ್ರ ಒತ್ತೆ" ದಾರಿ ತಪ್ಪಿಸುತ್ತದಾ? ವಕೀಲಿಕೆ ಬಲ್ಲವರು ಇದನ್ನು ಖಂಡಿತ ತಿದ್ದಬೇಕು.

ಮುಂದಿನ ವಾರ ಅವರು ಸಹಿ ಹಾಕಬೇಕು. ಅಷ್ಟರೊಳಗೆ ಅಜ್ಜಿಗೂ ತಿಳಿಯುವ ಹಾಗೆ ಒಂದು ಪುಟ ಬರೆದುಕೊಡುತ್ತೇನೆ ಎಂದಿದ್ದೇನೆ.